ಗಾಜಿನ ಮನೆಯನ್ನು ಅದರಲ್ಲಿ ಬಾಳಿದವರ ಸಮೇತ ಕಲಿಸಿ

ರಾಜ್ಯದ ವಾಸ್ತುಶಿಲ್ಪ ಕಾಲೇಜುಗಳ ಅಧ್ಯಾಪಕರಿಗೂ ಪಠ್ಯಕ್ರಮ ರೂಪಿಸುವ ಹಿರಿಯರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ವಾಸ್ತುಶಿಲ್ಪಿಯಲ್ಲ, ಮೈಸೂರಿನ ಸುತ್ತಮುತ್ತ ಮನೆ ಕಟ್ಟಿಸಿಕೊಡುವ ಗುತ್ತಿಗೆಯ ಕೆಲಸದಲ್ಲಿರುವ ಸಿವಿಲ್ ಎಂಜಿನಿಯರ್. ನಿಮ್ಮ ತರಗತಿಗಳಲ್ಲಿ ಕಲಿತು ಹೊರಬಂದ ತರುಣ ತರುಣಿಯರು ಬರೆದ ನಕ್ಷೆಗಳನ್ನು ಕಲ್ಲು, ಕಬ್ಬಿಣ, ಸಿಮೆಂಟಿಗೆ ಇಳಿಸುವುದು ನನ್ನ ಜೀವನೋಪಾಯ. ಅವರ ಬಗ್ಗೆ ನನಗೆ ಗೌರವವಿದೆ. ಅಳತೆ-ಅನುಪಾತಗಳ ವಿಷಯದಲ್ಲಿ ಅವರಿಗಿರುವ ಕಣ್ಣು ನಮ್ಮ ತಲೆಮಾರಿನ ಎಂಜಿನಿಯರುಗಳಿಗೆ ಇರಲಿಲ್ಲ. ಆದರೆ ಈಚಿನ ವರ್ಷಗಳಲ್ಲಿ ನನ್ನ ಮೇಜಿಗೆ ಬರುವ ನಕ್ಷೆಗಳಲ್ಲಿ ನೆಲದಿಂದ ಚಾವಣಿಯವರೆಗೆ ಎದ್ದು ನಿಲ್ಲುವ ಗಾಜಿನ ಗೋಡೆ ಎಷ್ಟು ಸಲ ಕಾಣಿಸಿಕೊಳ್ಳುತ್ತಿದೆಯೆಂದರೆ, ಅದು ಎಲ್ಲಿಂದ ಬಂತು, ಯಾವ ದಾರಿ ಹಿಡಿದು ಬಂತು, ಬರುವಾಗ ಏನೇನನ್ನು ಹಿಂದೆಯೇ ಬಿಟ್ಟು ಬಂತು ಎಂಬುದನ್ನು ನಿಮ್ಮೊಡನೆ ಎಲ್ಲರಿಗೂ ಕೇಳಿಸುವಂತೆಯೇ ಮಾತಾಡಬೇಕೆನಿಸಿತು.

ಗಾಜನ್ನು ಕೈಬಿಡಿಸಿ ಎಂದು ನಾನು ಕೇಳುತ್ತಿಲ್ಲ. ಇಪ್ಪತ್ತನೆಯ ಶತಮಾನದ ಹೆಸರಾಂತ ಗಾಜಿನ ಮನೆಗಳನ್ನು ಪಾಠದಲ್ಲಿ ತರುವಾಗ ಅವುಗಳಲ್ಲಿ ಬಾಳಿದವರ ಅನುಭವವನ್ನೂ, ಅವು ನಿಂತ ನೆಲದ ಹವೆಯನ್ನೂ, ಮುಂದೆ ಅವುಗಳಿಗೆ ಆದ ದುರಸ್ತಿಗಳ ಚರಿತ್ರೆಯನ್ನೂ ಚಿತ್ರಗಳಷ್ಟೇ ಮುಖ್ಯವೆಂದು ಕಲಿಸಬೇಕೆಂಬುದು ನನ್ನ ಕೋರಿಕೆ.

ನಿಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮೊದಲ ವರ್ಷದಲ್ಲೇ ಥರ್ಮಾಕೋಲಿನಲ್ಲೋ ಅಕ್ರಿಲಿಕ್ ಹಾಳೆಯಲ್ಲೋ ಮಾಡೆಲ್ ಮಾಡುವ ಮನೆಯಿಂದಲೇ ಆರಂಭಿಸುತ್ತೇನೆ. ಅಮೆರಿಕದ ಇಲಿನಾಯ್ ರಾಜ್ಯದ ಪ್ಲೇನೋ ಎಂಬ ಊರಿನ ಬಳಿ, ಷಿಕಾಗೋದಿಂದ ಸುಮಾರು 90 ಕಿ.ಮೀ. ದೂರದಲ್ಲಿ, ಫಾಕ್ಸ್ ನದಿಯ ದಡದಲ್ಲಿ 1951ರಲ್ಲಿ ಪೂರ್ಣಗೊಂಡ ಫಾರ್ನ್ಸ್‌ವರ್ತ್ ಮನೆ ಅದು. ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸ ಶಾಲೆಯ ಕೊನೆಯ ನಿರ್ದೇಶಕರಾಗಿದ್ದು, ನಾಜಿ ಆಡಳಿತದ ಕಾಲದಲ್ಲಿ ಆ ಶಾಲೆ ಮುಚ್ಚಿದ ಬಳಿಕ 1938ರಲ್ಲಿ ಷಿಕಾಗೋಗೆ ಬಂದು ನೆಲೆಸಿದ ಲುಡ್ವಿಗ್ ಮೀಸ್ ವಾನ್ ಡೆರ್ ರೋಹೆ ಅದರ ಶಿಲ್ಪಿ. ಎಂಟು ಉಕ್ಕಿನ ಕಂಬಗಳು, ಅವುಗಳ ನಡುವೆ ತೇಲಿದಂತಿರುವ 77 ಅಡಿ ಉದ್ದ, 28 ಅಡಿ ಅಗಲದ ಎರಡು ಹಲಗೆಗಳು, ಒಂದು ನೆಲಕ್ಕೆ, ಒಂದು ಚಾವಣಿಗೆ. ಸುತ್ತ ಕಾಲಂಗುಲ ದಪ್ಪದ ಒಂಟಿ ಪದರದ ಗಾಜು. ಒಳಗೆ ಅಡುಗೆಯ ಕಟ್ಟೆ, ಬಚ್ಚಲು, ಬೆಂಕಿಗೂಡುಗಳನ್ನು ಒಟ್ಟಿಗೆ ಅಡಗಿಸಿಟ್ಟುಕೊಂಡ ಒಂದೇ ಒಂದು ಮರದ ತಿರುಳು. ಕಂಬವೂ ತೊಲೆಯೂ ಸೇರುವಲ್ಲಿ ಒಂದು ಬೋಲ್ಟೂ ಕಾಣದಂತೆ ವೆಲ್ಡ್ ಮಾಡಿ, ವೆಲ್ಡಿನ ಗುರುತನ್ನೂ ಉಜ್ಜಿ ತೆಗೆದು, ಬಿಳಿ ಬಣ್ಣ ಬಳಿದಿದ್ದಾರೆ. ಸೈಟಿನಲ್ಲಿ ನಿಂತು ವೆಲ್ಡರುಗಳೊಡನೆ ಗುದ್ದಾಡಿದವರಿಗೆ ಆ ಸಂದು ನೋಡಿದರೆ ಕೈಮುಗಿಯಬೇಕೆನಿಸುತ್ತದೆ. ಅದರ ಚೆಲುವನ್ನು ಅಲ್ಲಗಳೆಯುವುದು ನನ್ನಿಂದ ಆಗದ ಮಾತು.

ಆದರೆ ಅದು ಒಬ್ಬರ ಮನೆ. ಈಡಿತ್ ಫಾರ್ನ್ಸ್‌ವರ್ತ್ ಷಿಕಾಗೋದಲ್ಲಿ ಮೂತ್ರಪಿಂಡದ ಕಾಯಿಲೆಗಳ ತಜ್ಞ ವೈದ್ಯೆಯಾಗಿದ್ದವರು, ಸಂಶೋಧನೆಯಲ್ಲಿ ಹೆಸರು ಮಾಡಿದವರು, ಸಂಗೀತ ಬಲ್ಲವರು, ಮದುವೆಯಾಗದೆ ಸ್ವತಂತ್ರವಾಗಿ ಬದುಕಿದವರು. ವಾರದ ಕೊನೆಯಲ್ಲಿ ಹೋಗಿ ತಂಗಲು ಒಂದು ಮನೆ ಬೇಕೆಂದು 1945ರಲ್ಲಿ ಮೀಸ್ ಅವರನ್ನು ಕೇಳಿದರು. ಮನೆ ಕಟ್ಟುವ ಮೊದಲೇ, 1947ರಲ್ಲಿ, ಅದರ ಮಾದರಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಲ್ಲಿ ಇತ್ತು. ಇನ್ನೂ ಅಡಿಪಾಯ ಅಗೆಯದ ಮನೆ ಆಗಲೇ ಜಗತ್ತಿನ ವಾಸ್ತುಶಿಲ್ಪಿಗಳ ಕಣ್ಣಿಗೆ ಬಿದ್ದಿತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಪ್ರಭಾವ ಎಂಬುದು ಇಲ್ಲಿ ಮನೆಗಿಂತ ಮೊದಲು ಹುಟ್ಟಿತು. ಖರ್ಚು ಅಂದಾಜನ್ನು ಮೀರಿ ಸುಮಾರು 74,000 ಡಾಲರಿಗೆ ಏರಿತು. ಬಾಕಿ ಹಣಕ್ಕಾಗಿ ಮೀಸ್ ದಾವೆ ಹೂಡಿದರು, ಫಾರ್ನ್ಸ್‌ವರ್ತ್ ಪ್ರತಿದಾವೆ ಹೂಡಿದರು, ವಿಚಾರಣೆ ಮೀಸ್ ಅವರ ಕಡೆಗೆ ವಾಲಿ, ಕೊನೆಗೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಆ ವೈದ್ಯೆ ಹೇಳಿದ ದೂರುಗಳು ದಾಖಲೆಯಲ್ಲಿ ಇವೆ. 1953ರಲ್ಲಿ ಅಮೆರಿಕದ ಒಂದು ಗೃಹಾಲಂಕಾರ ಪತ್ರಿಕೆ ಅವರನ್ನು ಮಾತಾಡಿಸಿದಾಗ, ಮನೆ ಎಕ್ಸ್‌ರೇ ಚಿತ್ರದ ಹಾಗೆ ಪಾರದರ್ಶಕವಾಗಿದೆ ಎಂಬರ್ಥದ ಮಾತನ್ನು ಅವರು ಆಡಿದರು. ರಸ್ತೆಯಿಂದ ಕಾಣುತ್ತದೆಂದು ಸಿಂಕಿನ ಕೆಳಗೆ ಕಸದ ಡಬ್ಬಿ ಇಡಲೂ ಯೋಚಿಸಬೇಕಾದ ಪಾಡನ್ನು ಹೇಳಿಕೊಂಡರು. ಚಳಿಗಾಲದಲ್ಲಿ ಒಂಟಿ ಪದರದ ಗಾಜಿನ ಮೇಲೆ ಒಳಗಿನ ತೇವ ಹನಿಗಟ್ಟಿ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಗಾಳಿ ಬರಲು ಮುಂಬಾಗಿಲು ಮತ್ತು ಮಲಗುವ ಕಡೆಯ ಗಾಜಿನ ಬುಡದಲ್ಲಿ ತೆರೆಯುವ ಎರಡು ಚಿಕ್ಕ ಕಿಂಡಿಗಳನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನದಿಯ ದಡವಾದ್ದರಿಂದ ಸೊಳ್ಳೆಯ ಕಾಟ ವಿಪರೀತ. ಕೊನೆಗೆ ಮೊಗಸಾಲೆಗೆ ಬಲೆ ಹಾಕಿಸಿಕೊಂಡರು. ಬಟ್ಟೆಬರೆ ಇಡಲು ಎಲ್ಲಿಯೂ ಮರೆಯಿಲ್ಲವೆಂದು ಒಂದು ಬೀರು ಬೇಕಾಯಿತು. ಇವು ಯಾವುವೂ ಕಲೆಯ ಮೇಲಿನ ಆಕ್ಷೇಪಣೆಗಳಲ್ಲ. ರೋಗಿಯ ಮೈಮೇಲಿನ ಲಕ್ಷಣಗಳನ್ನು ಬರೆದುಕೊಳ್ಳುವ ವೈದ್ಯೆ ತಾನಿದ್ದ ಮನೆಯ ಬಗ್ಗೆ ಬರೆಸಿದ ವರದಿ ಎಂದೇ ನಾನು ಅವನ್ನು ಓದುತ್ತೇನೆ.

ಇಲ್ಲಿ ಒಂದು ಮಾತನ್ನು ಸಿಟ್ಟಿನಿಂದಲೇ ಹೇಳಬೇಕಾಗಿದೆ. ಆಕೆಗೂ ಮೀಸ್ ಅವರಿಗೂ ಪ್ರೇಮವಿತ್ತೆಂಬ ಗಾಳಿಮಾತು ಹಿಡಿದು ಆಕೆಯ ದೂರುಗಳನ್ನು ಎಷ್ಟೋ ವರ್ಷ ‘ಪ್ರೇಮಭಂಗವಾದ ಹೆಂಗಸಿನ ಸೇಡು’ ಎಂದು ನಗುತ್ತಾ ಹೇಳಿಕೊಂಡು ಬರಲಾಯಿತು. ನಮ್ಮಲ್ಲಿಯೂ ಆ ಚಾಡಿಮಾತು ತರಗತಿಯ ಹಾಸ್ಯವಾಗಿ ಉಳಿದುಕೊಂಡಿದೆ ಎಂಬುದನ್ನು ಕಿರಿಯ ವಾಸ್ತುಶಿಲ್ಪಿಗಳ ಬಾಯಿಂದಲೇ ಕೇಳಿದ್ದೇನೆ. ಹನಿಗಟ್ಟುವ ತೇವಕ್ಕೆ ಪ್ರೇಮದ ಹಂಗಿಲ್ಲ. ಆ ಮನೆಯನ್ನು ನೋಡಿಕೊಳ್ಳುತ್ತಿರುವ ಅಮೆರಿಕದ ರಾಷ್ಟ್ರೀಯ ಪಾರಂಪರಿಕ ಸಂರಕ್ಷಣಾ ಟ್ರಸ್ಟು 2020ರಲ್ಲಿ ಆಕೆ ಬಳಸುತ್ತಿದ್ದ ಬಗೆಯ ಪೀಠೋಪಕರಣಗಳನ್ನೇ ಒಳಗಿಟ್ಟು ಪ್ರದರ್ಶನ ಮಾಡಿ, 2021ರಲ್ಲಿ ಮನೆಯ ಹೆಸರಿಗೆ ಆಕೆಯ ಮೊದಲ ಹೆಸರನ್ನೂ ಸೇರಿಸಿತು. ಮನೆಯ ಒಡೆತನ ಹೊತ್ತವರೇ ಆಕೆಯ ಮಾತಿಗೆ ಕಿವಿಗೊಟ್ಟ ಮೇಲೆ ನಾವು ಹಳೆಯ ಗೇಲಿಯನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ನೀರಿನ ಕತೆ ಬೇರೆ. ನದಿಯ ಪ್ರವಾಹ ತಟ್ಟದಿರಲೆಂದೇ ಮೀಸ್ ನೆಲವನ್ನು ಭೂಮಿಯಿಂದ 5 ಅಡಿ 3 ಅಂಗುಲ ಎತ್ತರಿಸಿದ್ದರು. 1954ರಲ್ಲಿ ನೀರು ಒಳಗೆ ಬಂತು. 1996ರಲ್ಲಿ ಗಾಜು ಒಡೆದು ನುಗ್ಗಿತು. ಒಳಗಿನ ಮರದ ಹಲಗೆಗಳೂ ಪೀಠೋಪಕರಣಗಳೂ ಹಾಳಾದವು. 2008ರಲ್ಲಿ ಮತ್ತೆ ಬಂತು. ಇಡೀ ಮನೆಯನ್ನು ಹೈಡ್ರಾಲಿಕ್ ಜಾಕುಗಳಿಂದ ಮೇಲೆತ್ತುವ ಯೋಜನೆಯೂ ಚರ್ಚೆಯಾಯಿತು. ಪೆರಿಫೆರಲ್ ರಸ್ತೆಯ ಬದಿಯಲ್ಲಿ, ಹಳೆಯ ಕೆರೆಯಂಗಳದಲ್ಲಿ ಬಡಾವಣೆ ಎಬ್ಬಿಸುವ ನಮ್ಮ ಕಾಲದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಹಾಗಿದ್ದೂ ಮಾಡೆಲುಗಳಲ್ಲಿ ಆ ನದಿ ಒಂದು ನೀಲಿ ಹಾಳೆಯ ಪಟ್ಟಿಯಾಗಿ ಮಾತ್ರ ಉಳಿದಿರುತ್ತದೆ.

1972ರಲ್ಲಿ ಇಂಗ್ಲೆಂಡಿನ ಪೀಟರ್ ಪಾಲಂಬೊ ಆ ಮನೆಯನ್ನು ಕೊಂಡು, ಮೊಗಸಾಲೆಯ ಬಲೆ ತೆಗೆಸಿ, ಹವಾನಿಯಂತ್ರಣ ಹಾಕಿಸಿ, ಮೀಸ್ ವಿನ್ಯಾಸದ ಪೀಠೋಪಕರಣ ತಂದಿಟ್ಟರು. 2003ರಲ್ಲಿ ಹರಾಜಿಗೆ ಬಂದಾಗ ಸಂರಕ್ಷಕರು 75 ಲಕ್ಷ ಡಾಲರ್ ಕೊಟ್ಟು ಉಳಿಸಿಕೊಂಡರು. ಅಂದರೆ ನಾವು ಬಹುಪಾಲು ಚಿತ್ರಗಳಲ್ಲಿ ಕಾಣುವ, ಬಲೆಯಿಲ್ಲದ, ಬೀರುವಿಲ್ಲದ, ಮೀಸ್ ಕುರ್ಚಿಗಳಿಂದ ಶೋಭಿಸುವ ಆ ಒಳಾಂಗಣ ಅಲ್ಲಿ ವಾಸಕ್ಕೆಂದು ಕಟ್ಟಿಸಿಕೊಂಡವರದ್ದಲ್ಲ, ಕಲಾಕೃತಿಯೆಂದು ಕೊಂಡು ಜತನ ಮಾಡಿದವರದ್ದು.

ಅಮೆರಿಕದ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಅವರ ವಿಷಯಕ್ಕೆ ಬರೋಣ. 1947ರ ಆ ಪ್ರದರ್ಶನವನ್ನು ಏರ್ಪಡಿಸಿದವರು ಇವರೇ. ಮಾದರಿಯನ್ನು ಕಂಡು ಪ್ರೇರಿತರಾಗಿ ಕನೆಕ್ಟಿಕಟ್ ರಾಜ್ಯದ ನ್ಯೂ ಕೇನನ್ನಿನಲ್ಲಿ ತಮಗಾಗಿ 56 ಅಡಿ ಉದ್ದ, 32 ಅಡಿ ಅಗಲದ ಗಾಜಿನ ಮನೆ ಕಟ್ಟಿಕೊಂಡರು, ಅದು 1949ರಲ್ಲೇ ಮುಗಿಯಿತು. ಮೂಲಕ್ಕಿಂತ ಎರಡು ವರ್ಷ ಮೊದಲೇ ಅದರ ಛಾಯೆ ಮುಗಿದು ನಿಂತ ವಿಚಿತ್ರ ಇದು. ಜಾನ್ಸನ್ ಇದನ್ನು ಮುಚ್ಚಿಡಲಿಲ್ಲ ಎಂಬುದು ಅವರ ದೊಡ್ಡತನ. 1950ರಲ್ಲಿ ಇಂಗ್ಲೆಂಡಿನ ಒಂದು ವಾಸ್ತುಶಿಲ್ಪ ಪತ್ರಿಕೆಯಲ್ಲಿ ತಮ್ಮ ಮನೆಯ ಚಿತ್ರಗಳ ಜೊತೆಗೆ ಯಾರಿಂದ ಏನನ್ನು ಪಡೆದೆನೆಂದು ಒಂದೊಂದಾಗಿ ಹೇಳಿಕೊಂಡರು. ಮೀಸ್ ಅಲ್ಲಿದ್ದಾರೆ, ಹತ್ತೊಂಬತ್ತನೆಯ ಶತಮಾನದ ಜರ್ಮನ್ ಶಿಲ್ಪಿ ಶಿಂಕೆಲ್ ಇದ್ದಾರೆ, ಅಥೆನ್ಸಿನ ಆಕ್ರೊಪೊಲಿಸ್ ಇದೆ, ಸುಟ್ಟುಹೋದ ಮರದ ಹಳ್ಳಿಯೊಂದರಲ್ಲಿ ಇಟ್ಟಿಗೆಯ ತಳಪಾಯವೂ ಹೊಗೆಗೂಡೂ ಮಾತ್ರ ಉಳಿದು ನಿಂತ ನೆನಪೂ ಇದೆ. ನಿಮ್ಮ ವಿದ್ಯಾರ್ಥಿಗಳಿಗೆ ಇಂಥ ಋಣಪತ್ರ ಬರೆಯುವ ಅಭ್ಯಾಸ ಮಾಡಿಸಿದರೆ ಚೆನ್ನ.

ಆದರೆ ಜಾನ್ಸನ್ ಮನೆಯಲ್ಲಿ ನಮ್ಮವರು ನೋಡದೆ ದಾಟಿಹೋಗುವ ಒಂದು ಸಂಗತಿಯಿದೆ. ಗಾಜಿನ ಮನೆಯ ಎದುರಿಗೆ, ಹುಲ್ಲುಹಾಸಿನಾಚೆ, ಅದೇ ಕಾಲದಲ್ಲಿ ಕಟ್ಟಿದ ಇಟ್ಟಿಗೆಯ ಮನೆಯೊಂದಿದೆ. ಗಾಜಿನ ಮನೆಗೆ ಎದುರಾಗಿ ನಿಲ್ಲುವ ಅದರ ಗೋಡೆಗೆ ಕಿಟಕಿಯಿಲ್ಲ. ಅತಿಥಿಗಳು ಮಲಗುತ್ತಿದ್ದುದು ಅಲ್ಲಿ. ಎರಡೂ ಮನೆಗಳನ್ನು ನಡೆಸುವ ಯಂತ್ರಸಾಮಗ್ರಿ ಇದ್ದುದೂ ಅಲ್ಲಿ. ಗಾಜಿನ ಮನೆ ಗಾಜಾಗಿ ಉಳಿದದ್ದು ಇಟ್ಟಿಗೆಯ ಮನೆ ಪಕ್ಕದಲ್ಲಿದ್ದುದರಿಂದ ಮತ್ತು ಸುತ್ತ ಬೆಳೆಯುತ್ತಾ ಸುಮಾರು 49 ಎಕರೆಯಾದ ಜಾನ್ಸನ್ ಅವರದ್ದೇ ಜಮೀನಿದ್ದುದರಿಂದ. 30–40ರ ಸೈಟಿನಲ್ಲಿ, ಮೂರಡಿ ಸೆಟ್‌ಬ್ಯಾಕಿನಾಚೆ ನೆರೆಮನೆಯ ಬಚ್ಚಲ ಕಿಟಕಿ ಇರುವ ಜಾಗದಲ್ಲಿ, ನಾವು ಈ ಜೋಡಿಯ ಒಂದು ಭಾಗವನ್ನು ಮಾತ್ರ ಎತ್ತಿ ತರುತ್ತಿದ್ದೇವೆ.

ಚಿತ್ರಗಳೇ ಈ ಪ್ರಭಾವದ ವಾಹನ. 1960ರಲ್ಲಿ ಪಿಯರ್ ಕೋನಿಗ್ ಲಾಸ್ ಏಂಜಲೀಸಿನ ಗುಡ್ಡದ ಅಂಚಿನಲ್ಲಿ ಕಟ್ಟಿದ ಮನೆಯನ್ನು ಜೂಲಿಯಸ್ ಶುಲ್ಮನ್ ರಾತ್ರಿಯಲ್ಲಿ ತೆಗೆದ ಫೋಟೋ, ಗಾಜಿನೊಳಗೆ ಕುಳಿತ ಇಬ್ಬರು ಯುವತಿಯರು, ಕೆಳಗೆ ಹರಡಿದ ಊರಿನ ದೀಪಗಳು, ಎಷ್ಟು ಮನೆಮಾತಾಯಿತೆಂದರೆ ಮನೆಗಿಂತ ಆ ಫೋಟೋವೇ ಹೆಚ್ಚು ಕಟ್ಟಡಗಳನ್ನು ಕಟ್ಟಿಸಿದೆ. ಅದರಲ್ಲೂ ಚಾವಣಿ ಗಾಜಿನಾಚೆ ಎಷ್ಟು ಉದ್ದಕ್ಕೆ ಚಾಚಿದೆ ಎಂಬುದನ್ನು ಯಾರೂ ಅಳೆಯುವುದಿಲ್ಲ.

ಇದನ್ನೆಲ್ಲ ಓದಿ ನಾನು ಗಾಜಿನ ವಿರೋಧಿಯೆಂದು ತಿಳಿಯಬಾರದು. ಮೀಸ್ ಅವರೇ 1930ರಲ್ಲಿ ಈಗಿನ ಚೆಕ್ ಗಣರಾಜ್ಯದ ಬ್ರನೋ ನಗರದಲ್ಲಿ ಟುಗೆಂಧಾಟ್ ದಂಪತಿಗೆ ಕಟ್ಟಿಕೊಟ್ಟ ಮನೆಯನ್ನು ನೋಡಿ. ಇಳಿಜಾರಿನ ಕಡೆಗೆ ಉದ್ದಕ್ಕೂ ಗಾಜು; ಅದರಲ್ಲಿ ಎರಡು ದೊಡ್ಡ ಹಾಳೆಗಳು ವಿದ್ಯುತ್ತಿನಿಂದ ನೆಲಮಾಳಿಗೆಗೆ ಇಳಿದುಹೋಗುತ್ತವೆ, ಕೋಣೆ ಜಗುಲಿಯಾಗುತ್ತದೆ. ನೆಲಮಾಳಿಗೆಯಲ್ಲಿ ಗಾಳಿಯನ್ನು ಶುದ್ಧಮಾಡಿ ಮೇಲೆ ಕಳಿಸುವ ಯಂತ್ರಗಳಿವೆ. ಮಲಗುವ ಕೋಣೆಗಳು ಮೇಲಿನ ಅಂತಸ್ತಿನಲ್ಲಿ, ಗೋಡೆಗಳ ನಡುವೆ ಇವೆ. ಆ ಮನೆಯಲ್ಲಿ ಬದುಕುವುದು ಸಾಧ್ಯವೇ ಎಂದು 1931ರಲ್ಲಿ ಒಂದು ಜರ್ಮನ್ ಪತ್ರಿಕೆ ಪ್ರಶ್ನೆಯೆತ್ತಿದಾಗ ಸ್ವತಃ ಗಂಡ ಹೆಂಡತಿ ಉತ್ತರ ಬರೆದು ತಮಗೆ ಅಲ್ಲಿ ಬದುಕುವುದು ಇಷ್ಟವೆಂದರು. ಯಹೂದಿಗಳಾದ್ದರಿಂದ 1938ರಲ್ಲಿ ಅವರು ದೇಶ ಬಿಡಬೇಕಾಯಿತು, ಅದು ಬೇರೆ ದುಃಖ. ಒಬ್ಬನೇ ಶಿಲ್ಪಿ, ಒಂದೇ ವಸ್ತು; ಒಂದು ಮನೆಯ ಒಡತಿ ಬೇಡವೆಂದರು, ಇನ್ನೊಂದರವರು ಬೇಕೆಂದರು. ವ್ಯತ್ಯಾಸ ತೆರೆಯುವ ಗಾಜಿನಲ್ಲಿದೆ, ಮಲಗುವ ಕೋಣೆಯ ಮರೆಯಲ್ಲಿದೆ, ನಕ್ಷೆ ಬರೆಯುವ ಮೊದಲು ಕೇಳಿಸಿಕೊಂಡ ಮಾತಿನಲ್ಲಿದೆ. ಈ ಎರಡು ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ತರಗತಿ ನಡೆಸಿದರೆ ಸಾಕು, ನನ್ನ ಅರ್ಧ ಪತ್ರ ಅನಗತ್ಯವಾಗುತ್ತದೆ.

ಪ್ಯಾರಿಸ್ಸಿನಲ್ಲಿ 1932ರಲ್ಲಿ ಮುಗಿದ, ಪಿಯರ್ ಶಾರೋ ಅವರ ಗಾಜಿನ ಮನೆ ಇನ್ನೊಂದು ದಾರಿ ತೋರಿಸಿತು. ಅದೂ ಒಬ್ಬ ವೈದ್ಯರದೇ, ಸ್ತ್ರೀರೋಗ ತಜ್ಞರದು. ಗಾಜಿನ ಇಟ್ಟಿಗೆಗಳ ಗೋಡೆ ಬೆಳಕನ್ನು ಬಿಟ್ಟು ನೋಟವನ್ನು ತಡೆಯುತ್ತದೆ. ಬ್ರೆಜಿಲಿನ ಸಾವೊ ಪಾಲೊದಲ್ಲಿ ಲೀನಾ ಬೋ ಬಾರ್ಡಿ 1951ರಲ್ಲಿ ತಮಗೇ ಕಟ್ಟಿಕೊಂಡ ಮನೆಯ ಮುಂಭಾಗ ಸಪೂರ ಕಂಬಗಳ ಮೇಲೆ ನಿಂತ ಗಾಜಿನ ಪೆಟ್ಟಿಗೆ, ನಡುವಿನ ತೆರವಿನಲ್ಲಿ ಮರವೊಂದು ಮೇಲೇಳುತ್ತದೆ. ಹಿಂಭಾಗ ನೆಲದ ಮೇಲೆ ಕೂತ, ಚಿಕ್ಕ ಕಿಟಕಿಗಳ, ಸಾದಾ ಗೋಡೆಯ ಮನೆ. ನಮ್ಮ ಹಾಗೆಯೇ ಎತ್ತರದ ಪ್ರಸ್ಥಭೂಮಿಯ ಊರು ಸಾವೊ ಪಾಲೊ. ಆಕೆ ಸುತ್ತ ಬೆಳೆಸಿದ ಗಿಡಮರಗಳು ಇಂದು ಕಾಡಾಗಿ ಗಾಜಿಗೆ ನೆರಳು ಕೊಡುತ್ತಿವೆ. ಪ್ಲೇನೋಗಿಂತ ಈ ಮನೆ ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರದ್ದು ಎಂದು ನನಗೆ ತೋರುತ್ತದೆ, ಆದರೂ ಅದರ ಮಾಡೆಲನ್ನು ಹೊತ್ತು ಬಂದವರನ್ನು ನಾನು ಕಂಡಿಲ್ಲ.

ಪ್ಯಾರಿಸ್ಸಿನಲ್ಲಿದ್ದ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ ಕಲಿತ ಪಾಠವಂತೂ ಭಾರತದವರೆಗೆ ನೇರವಾಗಿ ಬರುತ್ತದೆ. 1933ರಲ್ಲಿ ಪ್ಯಾರಿಸ್ಸಿನಲ್ಲಿ ನಿರ್ಗತಿಕರ ಆಶ್ರಯಧಾಮವೊಂದಕ್ಕೆ ಅವರು ದಕ್ಷಿಣಕ್ಕೆ ಮುಖ ಮಾಡಿದ, ಎಲ್ಲಿಯೂ ತೆರೆಯದ ದೊಡ್ಡ ಗಾಜಿನ ಮುಂಭಾಗ ಕೊಟ್ಟರು. ಯೋಜಿಸಿದ್ದ ಜೋಡಿಗಾಜಿಗೂ ತಂಪುಗಾಳಿಯ ವ್ಯವಸ್ಥೆಗೂ ದುಡ್ಡು ಸಾಲದೆ ಒಂಟಿ ಗಾಜೇ ಉಳಿಯಿತು. ಬೇಸಿಗೆಯಲ್ಲಿ ಒಳಗಿದ್ದವರು ಬೆಂದರು. ತೆರೆಯುವ ಕಿಟಕಿಗಳನ್ನು ಕೂಡಿಸಲೇಬೇಕಾಯಿತು, ಯುದ್ಧದ ಬಳಿಕ ಮುಂಭಾಗಕ್ಕೆ ಕಾಂಕ್ರೀಟಿನ ಬಿಸಿಲುತಡೆಗಳು ಬಂದವು. ಅದೇ ಬಿಸಿಲುತಡೆ 1950ರ ದಶಕದಲ್ಲಿ ಚಂಡೀಗಢದ ಕಟ್ಟಡಗಳ ಮುಖವಾಯಿತು. ಕಾರ್ಬ್ಯೂಸಿಯೆ ಅವರ ಪ್ಯಾರಿಸ್ ಕಚೇರಿಯಲ್ಲಿ ದುಡಿದ ಬಾಲಕೃಷ್ಣ ದೋಷಿ ಮುಂದೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಭಾರತೀಯ ಪ್ರಬಂಧನ ಸಂಸ್ಥೆಯ ಆವರಣ ಕಟ್ಟಿದಾಗ ಒರಟು ಕಲ್ಲಿನ ಗೋಡೆ, ಅಂಗಳ, ಬಳ್ಳಿ ಹಬ್ಬಿದ ತೊಲೆಸಾಲಿನ ಓಣಿಗಳನ್ನು ಆರಿಸಿಕೊಂಡರು. ಪ್ರಭಾವ ಎಂದರೆ ಹೀಗೆ ಹರಿಯಬೇಕು. ಗುರುವಿನ ಸೋಲನ್ನೂ ಶಿಷ್ಯ ಆಸ್ತಿಯಾಗಿ ಪಡೆಯಬೇಕು.

ಇನ್ನು ನಮ್ಮ ಮನೆಬಾಗಿಲಿನಲ್ಲೇ ಇರುವ ಹೆಸರು. ಬರ್ಲಿನ್ನಿನಲ್ಲಿ ಕಲಿತ ಯಹೂದಿ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. (ಅದಕ್ಕೆ ಕೆಲವು ವರ್ಷ ಮೊದಲು ಸಿ.ವಿ. ರಾಮನ್ ಕರೆಯ ಮೇಲೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಬಂಧು.) ಅದೇ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನ, ಲೋಹ ವಿಜ್ಞಾನ ವಿಭಾಗಗಳ ಕಟ್ಟಡಗಳನ್ನು ಅವರು ಕಟ್ಟಿದರು. ಮೀಸ್ ಷಿಕಾಗೋಗೆ ಹೋದ ಮರುವರ್ಷವೇ ಇವರು ಬೆಂಗಳೂರಿಗೆ ಬಂದದ್ದು. ಇಬ್ಬರೂ ಜರ್ಮನಿಯ ಅದೇ ಆಧುನಿಕ ಗಾಳಿಯಲ್ಲಿ ಬೆಳೆದವರು. ಒಬ್ಬರು ಗಾಜು ಉಕ್ಕುಗಳನ್ನು ಅವುಗಳ ಕೊನೆಯ ಸರಳತೆಗೆ ಕೊಂಡೊಯ್ದರು. ಇನ್ನೊಬ್ಬರು ಇಲ್ಲಿನ ಬಿಸಿಲು, ಮಳೆ, ಸಿಮೆಂಟಿನ ಅಭಾವಗಳ ನಡುವೆ ಕಟ್ಟಡಕ್ಕೆ ದಿಕ್ಕು, ನೆರಳು, ಗಾಳಿ ಮೊದಲ ಪ್ರಶ್ನೆಗಳೆಂದು ಕಲಿತರು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿದ್ದು, 1950ರ ದಶಕದಲ್ಲಿ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪವನ್ನು ಒಂದು ಅಧ್ಯಯನ ವಿಷಯವಾಗಿ ಬೆಳೆಸಿದವರಲ್ಲಿ ಮುಖ್ಯರಾದರು. ಅವರು ಸಹಲೇಖಕರೊಡನೆ ಬರೆದ ಉಷ್ಣವಲಯದ ಮನೆಗಳ ಕೈಪಿಡಿಯನ್ನು ನಿಮ್ಮ ಗ್ರಂಥಾಲಯಗಳಲ್ಲಿ ಈಗಲೂ ಕಾಣಬಹುದು. ಅದರ ಹಿಂದಿನ ಅನುಭವದ ಒಂದು ಬೇರು ಮೈಸೂರು ಸಂಸ್ಥಾನದಲ್ಲಿದೆ ಎಂಬುದು ನಮ್ಮ ಹುಡುಗ ಹುಡುಗಿಯರಿಗೆ ತಿಳಿದಿರಬೇಕಲ್ಲವೇ? ಆಧುನಿಕತೆ ಎಂದರೆ ಇಲಿನಾಯ್ ಮಾತ್ರವಲ್ಲ, ಮಲ್ಲೇಶ್ವರದ ಪಕ್ಕದ ಆವರಣವೂ ಹೌದು.

ಹವೆಯ ಲೆಕ್ಕವನ್ನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಸೈಟಿನಲ್ಲಿ ಜಗಳವಾಗುವುದು ಅಲ್ಲಿಯೇ. ಪ್ಲೇನೋ ಸುಮಾರು 41.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ಡಿಸೆಂಬರಿನ ನಡುಮಧ್ಯಾಹ್ನ ಕೇವಲ 25 ಡಿಗ್ರಿ ಎತ್ತರದಲ್ಲಿರುತ್ತಾನೆ, ಹಿಮ ಬಿದ್ದ ದಿನ ಗಾಜಿನ ಮೂಲಕ ಒಳಬರುವ ಆ ಬಿಸಿಲು ವರವೇ ಸರಿ. ನಾವಿರುವುದು 12–13 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ಎತ್ತರದ ಬಿಸಿಲನ್ನು ಎರಡಡಿ ಸಜ್ಜಾ ತಡೆಯಬಲ್ಲದು. ಮಧ್ಯಾಹ್ನ ಮೂರರ ಮೇಲೆ ಪಡುವಣದಿಂದ ಓರೆಯಾಗಿ ಬೀಳುವ ಬಿಸಿಲಿಗೆ ಸಜ್ಜಾ ಲೆಕ್ಕಕ್ಕಿಲ್ಲ. ಒಂಟಿ ಪದರದ ಸಾದಾ ಗಾಜು, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಚದರ ಮೀಟರಿಗೆ ಸುಮಾರು 5.7 ವ್ಯಾಟ್ ಶಾಖ ದಾಟಿಸುತ್ತದೆ. ಎರಡೂ ಕಡೆ ಗಾರೆ ಮಾಡಿದ ಒಂಬತ್ತಂಗುಲದ ಇಟ್ಟಿಗೆ ಗೋಡೆ ದಾಟಿಸುವುದು ಸುಮಾರು 2 ವ್ಯಾಟ್. ಇದಲ್ಲದೆ, ಗಾಜಿನ ಮೇಲೆ ನೇರ ಬಿಸಿಲು ಬಿದ್ದರೆ ಅದರ ಶಾಖದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಗಾಜಿನ ಮೂಲಕ ಒಳಗೇ ಬರುತ್ತದೆ, ಬಂದದ್ದು ನೆಲ ಗೋಡೆಗಳನ್ನು ಕಾಯಿಸಿ ಶಾಖವಾಗಿ ಅಲ್ಲೇ ಉಳಿಯುತ್ತದೆ.

ಇಕೋ ನಿವಾಸ್ ಸಂಹಿತೆ ಎಂಬ ಕೇಂದ್ರದ ಇಂಧನ ಉಳಿತಾಯದ ನಿಯಮಾವಳಿ 2018ರಲ್ಲಿ ವಾಸದ ಕಟ್ಟಡಗಳಿಗೆ ಒಂದು ಮಿತಿ ಹಾಕಿತು: ಹೊರಗೋಡೆ, ಗಾಜು ಎಲ್ಲ ಸೇರಿ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಬೆಂಗಳೂರಿನಂಥ ಸಮಶೀತೋಷ್ಣ ಹವೆಯಲ್ಲಿ ನೆಲದ ವಿಸ್ತೀರ್ಣದ ಕನಿಷ್ಠ 12.5 ಶೇಕಡಾ, ಕರಾವಳಿಯಂಥ ಬಿಸಿ-ತೇವದ ಹವೆಯಲ್ಲಿ 16.66 ಶೇಕಡಾ ತೆರೆಯುವ ಬಾಗಿಲು ಕಿಟಕಿ ಇರಬೇಕೆಂದಿತು. 500 ಚದರ ಮೀಟರಿಗಿಂತ ಕಿರಿದಾದ ನಿವೇಶನಗಳಿಗೆ 2018ರ ಆ ಸಂಹಿತೆ ಅನ್ವಯಿಸುತ್ತಿರಲಿಲ್ಲವಾದರೂ ಅಳತೆಗೋಲಾಗಿ ಅದು ಚೆನ್ನಾಗಿದೆ. ಫಾರ್ನ್ಸ್‌ವರ್ತ್ ಮನೆಯ ಒಳಗಿನ ಸುಮಾರು 1,500 ಚದರಡಿಗೆ ಬೆಂಗಳೂರಿನ ಲೆಕ್ಕ ಹಾಕಿದರೆ 190 ಚದರಡಿಯಷ್ಟು ತೆರೆಯುವ ಜಾಗ ಬೇಕು. ಒಂದು ಬಾಗಿಲು, ಎರಡು ಕಿಂಡಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಈ ಲೆಕ್ಕವನ್ನು ವಿದ್ಯಾರ್ಥಿಯ ಕೈಯಿಂದಲೇ ಮಾಡಿಸಿದರೆ ಯಾವ ಉಪನ್ಯಾಸವೂ ಬೇಡ. ಕಲಬುರಗಿಯ ನಲವತ್ತು ಡಿಗ್ರಿಗೂ ಉಡುಪಿಯ ಮುಂಗಾರಿಗೂ ಮಡಿಕೇರಿಯ ಚಳಿಗೂ ಒಂದೇ ಗಾಜಿನ ಗೋಡೆ ಹೊಂದಲಾರದು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ನಾನು ಕಟ್ಟಿಕೊಟ್ಟ ಮನೆಯೊಂದರಲ್ಲಿ ಪಡುವಣಕ್ಕೆ ಎರಡಂತಸ್ತು ಎತ್ತರದ ಗಾಜಿನ ಗೋಡೆಯಿತ್ತು. ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದ ರೆಂಡರ್ ಚಿತ್ರ ಮನೆಯವರಿಗೆ ತುಂಬ ಹಿಡಿಸಿತ್ತು. ಗೃಹಪ್ರವೇಶವಾದ ಮೊದಲ ಬೇಸಿಗೆಯಲ್ಲೇ ಒಳಗೆ ದಪ್ಪ ಪರದೆ ಬಂತು, ಆಮೇಲೆ ಗಾಜಿಗೆ ಕಪ್ಪು ಫಿಲ್ಮ್ ಅಂಟಿತು, ಆಮೇಲೆ ಹೊರಗಡೆ ಬಿದಿರಿನ ತಟ್ಟಿಪರದೆ ಇಳಿಬಿಟ್ಟರು. ಈಗ ಹಗಲಿನಲ್ಲೂ ಅಲ್ಲಿ ದೀಪ ಉರಿಯುತ್ತದೆ. ಬೆಳಕಿಗಾಗಿ ತಂದ ಗಾಜು ಕತ್ತಲೆ ತಂದಿತು. ಆ ಗಾಜನ್ನು ಹೊರಗಿನಿಂದ ಒರೆಸಲು ಅಟ್ಟಣಿಗೆ ಕಟ್ಟಬೇಕು. ನಕ್ಷೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹಾಗೆಂದು ಹಳೆಯ ತೊಟ್ಟಿ ಮನೆಯೇ ಪರಮಪದವೆಂದು ನಾನು ಹಾಡುವುದಿಲ್ಲ. ತೊಟ್ಟಿಯ ಸುತ್ತ ಬೆಳಕು ಧಾರಾಳ, ನಿಜ. ಆದರೆ ಹೆಂಗಸರು ದಿನದ ಬಹುಪಾಲು ಕಳೆಯುತ್ತಿದ್ದ ಅಡುಗೆಮನೆ, ಬಾಣಂತಿಯ ಕೋಣೆಗಳು ಹೊಗೆಯಲ್ಲೂ ಕತ್ತಲಲ್ಲೂ ಮುಳುಗಿರುತ್ತಿದ್ದವು. ಗಾಜು ಆ ಕತ್ತಲೆಗೆ ನಿಜವಾದ ಉತ್ತರವಾಗಿತ್ತು, ಈಗಲೂ ಆಗಬಹುದು. ಪಿಲ್ಕಿಂಗ್ಟನ್ ಸಂಸ್ಥೆ 1959ರಲ್ಲಿ ಪ್ರಕಟಿಸಿದ, ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ವಿಧಾನದಿಂದಾಗಿ ಮೀಸ್ ಕಾಲದಲ್ಲಿ ಸಿರಿವಂತರ ಸೊತ್ತಾಗಿದ್ದ ದೊಡ್ಡ ಹಾಳೆ ಇಂದು ಮಧ್ಯಮ ವರ್ಗದ ಕೈಗೆಟುಕುತ್ತಿದೆ. ಅಗ್ಗವಾದ ಮೇಲೆ ಎಲ್ಲಿ ಹಾಕಬಾರದು ಎಂಬ ತಿಳಿವಳಿಕೆ ಹೆಚ್ಚು ಬೇಕಾಗುತ್ತದೆ.

ಆದ್ದರಿಂದ ಮುಂದಿನ ಪಠ್ಯಪರಿಷ್ಕರಣೆಯಲ್ಲಿ ಇವುಗಳನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಗಾಜಿನ ಮನೆಯೊಂದನ್ನು ಕೇಸ್ ಸ್ಟಡಿಯಾಗಿ ಕೊಟ್ಟಾಗ ಅದರ ಪ್ಲಾನು, ಸೆಕ್ಷನ್ನುಗಳ ಜೊತೆಗೆ ಅಲ್ಲಿ ವಾಸಿಸಿದವರ ಮಾತು, ಅಕ್ಷಾಂಶ, ಮಳೆಯ ಪ್ರಮಾಣ, ಕಟ್ಟಿದ ಮೇಲೆ ಆದ ಬದಲಾವಣೆಗಳ ಪಟ್ಟಿ ಕಡ್ಡಾಯವಾಗಲಿ. ಅದೇ ಮನೆಯನ್ನು ರಾಜ್ಯದ ಒಂದು ನಿರ್ದಿಷ್ಟ ಊರಿಗೆ ತಂದರೆ ಏನೇನು ಬದಲಾಗಬೇಕೆಂದು ಎರಡನೆಯ ನಕ್ಷೆ ಬರೆಸಿ. ಅದರಲ್ಲಿ ಸೊಳ್ಳೆ ಪರದೆ, ಪರದೆಯ ಕಂಬಿ, ಗಾಜು ಒರೆಸುವವರು ನಿಲ್ಲುವ ಜಾಗ ಕಾಣಲಿ. ವಿದ್ಯಾರ್ಥಿಗಳ ವಿನ್ಯಾಸಗಳನ್ನು ಪರಿಶೀಲಿಸುವ ಜ್ಯೂರಿಯಲ್ಲಿ ಕೂರುವವರ ನಡುವೆ ಒಬ್ಬ ಮೇಸ್ತ್ರಿಯನ್ನೋ ಮನೆ ಕಟ್ಟಿಸಿ ಹತ್ತಾರು ವರ್ಷ ಅದರಲ್ಲಿ ಬಾಳಿದ ಗೃಹಿಣಿಯನ್ನೋ ಕೂರಿಸಿ. ವಿಜ್ಞಾನ ಸಂಸ್ಥೆಯ ಕೋನಿಗ್ಸ್‌ಬರ್ಗರ್ ಕಟ್ಟಡಗಳಿಗೂ ದೋಷಿಯವರ ಆವರಣಕ್ಕೂ ಅಳತೆ ಪಟ್ಟಿ, ತಾಪಮಾಪಕ ಹಿಡಿದು ವಿದ್ಯಾರ್ಥಿಗಳು ಹೋಗಲಿ, ಮಧ್ಯಾಹ್ನ ಮೂರಕ್ಕೆ ಒಳಗೆ ಎಷ್ಟು ಡಿಗ್ರಿ, ಹೊರಗೆ ಎಷ್ಟು ಡಿಗ್ರಿ ಎಂದು ಬರೆದುಕೊಂಡು ಬರಲಿ. ಹಾಗೆ ಬಂದ ಅಂಕಿಗಳನ್ನು ಒಟ್ಟುಗೂಡಿಸಿ ನಿಮ್ಮ ಕಾಲೇಜುಗಳು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಹೊರತಂದರೆ, ಯಾವ ದಿಕ್ಕಿಗೆ ಎಷ್ಟು ಗಾಜು ಎಂದು ಮನೆ ಕಟ್ಟಿಸುವವರೂ ಗಾರೆಯವರೂ ಅಲ್ಯೂಮಿನಿಯಂ ಕೆಲಸದವರೂ ಓದಿ ತಿಳಿಯುವಂತಾಗುತ್ತದೆ. ಅಳೆಯುವ ಕೆಲಸಕ್ಕೆ ನಾನು ಕಟ್ಟಿದ ಮನೆಗಳ ಮಾಲೀಕರಲ್ಲಿ ಒಪ್ಪಿದವರ ಬಾಗಿಲನ್ನು ತೆರೆಸಿಕೊಡುವ ಹೊಣೆ ನನ್ನದು. ಪಡುವಣದ ಗಾಜಿನ ಆ ಮನೆಯವರು ಆಗಲೇ ಒಪ್ಪಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಮನೆ ಕಟ್ಟುವ ಕೆಲಸದಲ್ಲಿರುವ ಒಬ್ಬ ಸಿವಿಲ್ ಎಂಜಿನಿಯರ್
ಮೈಸೂರು